ಬುದ್ಧಿಯ ಕಾವಲು ಸರಿದಾಗ: ಅತಿವಾಸ್ತವವಾದದ ಹುಟ್ಟು ಮತ್ತು ಚಿಂತನೆ

ಸರ್ರಿಯಲಿಸಂ ಅಥವಾ ಅತಿವಾಸ್ತವವಾದ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ನಿರ್ಜನ ಕಡಲತೀರದಲ್ಲಿ ಕರಗಿ ಜೋತುಬಿದ್ದ ಗಡಿಯಾರಗಳ ಚಿತ್ರ. ಸ್ಪೇನಿನ ಚಿತ್ರಕಾರ ಸಾಲ್ವದೋರ್ ಡಾಲಿ ಅದನ್ನು ಬರೆದದ್ದು 1931ರಲ್ಲಿ. ಚಳವಳಿಯ ಮೊದಲ ಪ್ರಣಾಳಿಕೆ ಹೊರಬಂದು ಆಗಲೇ ಏಳು ವರ್ಷಗಳಾಗಿದ್ದವು. ಅದರ ಮೂಲ ಪ್ರಯೋಗಗಳು ಅದಕ್ಕೂ ಐದು ವರ್ಷ ಹಿಂದೆಯೇ ನಡೆದಿದ್ದವು. ಆ ಪ್ರಯೋಗಗಳನ್ನು ನಡೆಸಿದವರಲ್ಲಿ ವರ್ಣಚಿತ್ರಕಾರರಿರಲಿಲ್ಲ. ಅವರು ಇಪ್ಪತ್ತರ ಹರೆಯದ ಕವಿಗಳು, ಅವರಲ್ಲಿ ಕೆಲವರು ವೈದ್ಯಕೀಯ ವಿದ್ಯಾರ್ಥಿಗಳು, ಬಹುತೇಕ ಎಲ್ಲರೂ ಮೊದಲ ಮಹಾಯುದ್ಧದಿಂದ ಹಿಂದಿರುಗಿದವರು. ಅವರಿಗೆ ಬೇಕಾಗಿದ್ದುದು ಹೊಸ ಚಿತ್ರಶೈಲಿಯಲ್ಲ. ವಿವೇಚನೆ ಕಾವಲು ಕಾಯದೆ ಇರುವಾಗ ಮನುಷ್ಯನ ಮನಸ್ಸು ನಿಜವಾಗಿ ಹೇಗೆ ಯೋಚಿಸುತ್ತದೆ ಎಂಬುದನ್ನು ತಿಳಿಯುವ ವಿಧಾನವೊಂದನ್ನು ಅವರು ಹುಡುಕುತ್ತಿದ್ದರು. ಚಿತ್ರಗಳು ಆ ಹುಡುಕಾಟದ ದಾಖಲೆಗಳಾಗಿ ತಡವಾಗಿ ಬಂದವು. ಅವು ಸಾಧ್ಯವೇ ಎಂಬ ಅನುಮಾನ ಆರಂಭದಲ್ಲಿ ಗುಂಪಿನೊಳಗೇ ಇತ್ತು. ಈ ಕ್ರಮವನ್ನು ಮರೆತರೆ ಅತಿವಾಸ್ತವವಾದವು ವಿಚಿತ್ರ ಚಿತ್ರಗಳ ಸಂಗ್ರಹವಾಗಿ ಮಾತ್ರ ಕಾಣುತ್ತದೆ, ಮತ್ತು ಅದರ ಗಂಭೀರವಾದ ಅರ್ಧಭಾಗ ನಮ್ಮ ಕೈತಪ್ಪಿ ಹೋಗುತ್ತದೆ.

1916ರ ಬೇಸಿಗೆಯಲ್ಲಿ ಆಂದ್ರೆ ಬ್ರೆಟನ್ ಎಂಬ ಇಪ್ಪತ್ತು ವರ್ಷದ ವೈದ್ಯಕೀಯ ವಿದ್ಯಾರ್ಥಿ ಫ್ರಾನ್ಸಿನ ಸೇಂಟ್ ದಿಜಿಯೆ ಪಟ್ಟಣದಲ್ಲಿದ್ದ ಸೇನೆಯ ಮನೋರೋಗ ಚಿಕಿತ್ಸಾ ಕೇಂದ್ರದಲ್ಲಿ ಸಹಾಯಕನಾಗಿ ಸೇರಿದ. ಯುದ್ಧಭೂಮಿಯಿಂದ ಚಿತ್ತ ಕದಡಿ ಬಂದ ಸೈನಿಕರನ್ನು ಅಲ್ಲಿ ದಾಖಲಿಸುತ್ತಿದ್ದರು. ರೋಗಿಗಳ ಕನಸುಗಳನ್ನೂ, ಅವರು ತಡೆಯಿಲ್ಲದೆ ಆಡುವ ಮಾತುಗಳನ್ನೂ ಬರೆದುಕೊಳ್ಳುವುದು ಅವನ ಕೆಲಸದ ಭಾಗವಾಗಿತ್ತು. ಅವರಲ್ಲಿ ಒಬ್ಬ ಸೈನಿಕನನ್ನು ಬ್ರೆಟನ್ ಜೀವನವಿಡೀ ಮರೆಯಲಿಲ್ಲ. ಯುದ್ಧ ನಡೆಯುತ್ತಲೇ ಇಲ್ಲ, ಸಿಡಿಯುತ್ತಿರುವ ಗುಂಡುಗಳೆಲ್ಲ ಹುಸಿ, ಗಾಯಗಳು ಬಣ್ಣ ಬಳಿದು ಮಾಡಿದವು, ಶವಗಳನ್ನು ವೈದ್ಯಕೀಯ ಶಾಲೆಗಳಿಂದ ತಂದು ಹರಡಿದ್ದಾರೆ ಎಂದು ನಂಬಿದ್ದ ಆತ ಕಂದಕದ ಅಂಚಿನ ಮೇಲೆ ನಿಂತು, ಹಾರಿಬರುತ್ತಿದ್ದ ಷೆಲ್ಲುಗಳಿಗೆ ಬೆರಳಿನಿಂದ ದಾರಿ ತೋರಿಸುತ್ತಿದ್ದನಂತೆ. ವೈದ್ಯರ ದೃಷ್ಟಿಯಲ್ಲಿ ಅದು ಭ್ರಮೆ. ಯುವಕ ಬ್ರೆಟನ್‌ಗೆ ಅದರೊಳಗೆ ಅದ್ಭುತವಾದ ತರ್ಕವೊಂದು ಕಂಡಿತು. ಲಕ್ಷಾಂತರ ಜನರನ್ನು ಕೊಲ್ಲುವ ಯುದ್ಧವೇ ವಿವೇಕ ಎನಿಸಿಕೊಂಡಿರುವಾಗ, ಅದನ್ನು ನಂಬಲು ನಿರಾಕರಿಸಿದ ಮನಸ್ಸನ್ನು ಮಾತ್ರ ಹುಚ್ಚು ಎನ್ನುವುದು ಎಷ್ಟು ಸರಿ ಎಂಬ ಪ್ರಶ್ನೆ ಅಲ್ಲಿಂದ ಅವನನ್ನು ಬಿಡಲಿಲ್ಲ.

ಈ ಪ್ರಶ್ನೆ ಅವನೊಬ್ಬನದಾಗಿರಲಿಲ್ಲ. 1916ರ ಫೆಬ್ರವರಿಯಲ್ಲಿ, ಯುದ್ಧದಿಂದ ಹೊರಗುಳಿದಿದ್ದ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಹ್ಯೂಗೊ ಬಾಲ್, ಎಮಿ ಹೆನ್ನಿಂಗ್ಸ್, ಟ್ರಿಸ್ಟಾನ್ ತ್ಸಾರಾ, ಹಾನ್ಸ್ ಆರ್ಪ್ ಮೊದಲಾದವರು ‘ಕ್ಯಾಬರೆ ವೋಲ್ತೇರ್’ ಎಂಬ ಪುಟ್ಟ ರಂಗಶಾಲೆಯಲ್ಲಿ ದಾದಾ ಚಳವಳಿಯನ್ನು ಆರಂಭಿಸಿದ್ದರು. ಅರ್ಥವಿಲ್ಲದ ಶಬ್ದಗಳ ಕವಿತೆ, ಏಕಕಾಲದಲ್ಲಿ ಹಲವರು ಹಲವು ಭಾಷೆಗಳಲ್ಲಿ ಓದುವ ಪಠ್ಯ, ಆಕಸ್ಮಿಕಕ್ಕೆ ಬಿಟ್ಟುಕೊಟ್ಟ ಕಲೆ ಇವುಗಳ ಮೂಲಕ ಅವರು ಯುರೋಪಿನ ಸಂಸ್ಕೃತಿಯನ್ನೇ ಧಿಕ್ಕರಿಸಿದರು. 1920ರ ಜನವರಿಯಲ್ಲಿ ತ್ಸಾರಾ ಪ್ಯಾರಿಸಿಗೆ ಬಂದಾಗ ಬ್ರೆಟನ್ ಹಾಗೂ ಕವಿಗಳಾದ ಲೂಯಿ ಅರಗಾನ್, ಫಿಲಿಪ್ ಸೂಪೊ ಅವನನ್ನು ಹಂಬಲದಿಂದ ಎದುರುಗೊಂಡರು. ಆದರೆ ನಿರಾಕರಣೆಯೊಂದನ್ನೇ ಬಂಡವಾಳ ಮಾಡಿಕೊಂಡ ಚಳವಳಿ ಬೇಗ ತನ್ನನ್ನೇ ಪುನರಾವರ್ತಿಸತೊಡಗಿತು. ಎರಡು ವರ್ಷಗಳೊಳಗೆ ಬ್ರೆಟನ್ ಅದರಿಂದ ದೂರ ಸರಿದ. ದಾದಾ ಅವನಿಗೆ ಕೊಟ್ಟದ್ದು ಧೈರ್ಯವನ್ನು. ವಿಧಾನವನ್ನು ಅವನು ಬೇರೆಡೆಯಿಂದ ಪಡೆದಿದ್ದ.

ಆ ವಿಧಾನವೇ ಸ್ವಯಂಚಾಲಿತ ಬರವಣಿಗೆ. 1919ರಲ್ಲಿ ಒಂದು ರಾತ್ರಿ ನಿದ್ದೆಗೆ ಜಾರುತ್ತಿದ್ದ ಬ್ರೆಟನ್‌ಗೆ, ಕಿಟಕಿಯೊಂದು ಮನುಷ್ಯನನ್ನು ಎರಡು ಹೋಳಾಗಿ ಕತ್ತರಿಸಿದೆ ಎಂಬರ್ಥದ ವಾಕ್ಯವೊಂದು ಸ್ಪಷ್ಟವಾಗಿ ಕೇಳಿಸಿತು; ಅದರೊಂದಿಗೆ ನಡುವಿನಲ್ಲಿ ಕಿಟಕಿ ಅಡ್ಡಹಾಯ್ದ ಮನುಷ್ಯನ ಮಸುಕಾದ ದೃಶ್ಯವೂ ಕಂಡಿತು. ತಾನು ಯೋಚಿಸದೆ ಬಂದ ಈ ವಾಕ್ಯದ ಗುಣಮಟ್ಟ ಅವನನ್ನು ಬೆರಗುಗೊಳಿಸಿತು. ಸೇಂಟ್ ದಿಜಿಯೆಯಲ್ಲಿ ರೋಗಿಗಳ ಮೇಲೆ ಬಳಸಿದ್ದ ಕ್ರಮವನ್ನು ತನ್ನ ಮೇಲೆಯೇ ಏಕೆ ಪ್ರಯೋಗಿಸಬಾರದು ಎಂದುಕೊಂಡು, ಆ ವರ್ಷದ ವಸಂತದಲ್ಲಿ ಸೂಪೊನೊಂದಿಗೆ ಕುಳಿತ. ನಿಯಮಗಳು ಸರಳವಾಗಿದ್ದವು: ವಿಷಯವನ್ನು ಮೊದಲೇ ನಿರ್ಧರಿಸಬಾರದು, ಬರೆದುದನ್ನು ಹಿಂದಿರುಗಿ ಓದಬಾರದು, ತಿದ್ದಬಾರದು, ಚೆನ್ನಾಗಿದೆಯೇ ಎಂದು ಕೇಳಿಕೊಳ್ಳಬಾರದು, ಮತ್ತು ವಿವೇಚನೆ ಹಿಂದೆ ಬಿದ್ದು ಹೋಗುವಷ್ಟು ವೇಗವಾಗಿ ಬರೆಯಬೇಕು. ಅವರು ವೇಗವನ್ನು ಬೇಕೆಂದೇ ಬದಲಿಸಿ ಫಲಿತಾಂಶ ಹೇಗೆ ಬದಲಾಗುತ್ತದೆ ಎಂದೂ ಪರೀಕ್ಷಿಸಿದರು. ಹೀಗೆ ಸಿದ್ಧವಾದ ‘ಕಾಂತಕ್ಷೇತ್ರಗಳು’ ಎಂಬ ಪುಸ್ತಕ 1920ರಲ್ಲಿ ಪ್ರಕಟವಾಯಿತು. ಚಳವಳಿಗೆ ಇನ್ನೂ ಹೆಸರಿಲ್ಲದ ಕಾಲದಲ್ಲಿ ಬಂದ ಈ ಕೃತಿಯನ್ನೇ ಬ್ರೆಟನ್ ಮುಂದೆ ಮೊದಲ ಅತಿವಾಸ್ತವವಾದಿ ಕೃತಿ ಎಂದು ಕರೆದ.

ಇಲ್ಲಿ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್‌ನ ಪಾತ್ರವನ್ನು ಸರಿಯಾಗಿ ಅಳೆಯಬೇಕು, ಏಕೆಂದರೆ ಅತಿವಾಸ್ತವವಾದವು ಫ್ರಾಯ್ಡ್‌ನ ಸಿದ್ಧಾಂತದ ಚಿತ್ರರೂಪ ಎಂಬ ಮಾತು ಅತಿಯಾಗಿ ಬಳಕೆಯಲ್ಲಿದೆ. ಕನಸು ಅರ್ಥಹೀನ ಕಸವಲ್ಲ, ಅದು ಅದುಮಿಟ್ಟ ಬಯಕೆಗಳ ಭಾಷೆ ಎಂಬ ಫ್ರಾಯ್ಡ್‌ನ ತಿಳಿವಳಿಕೆ ಇಲ್ಲದಿದ್ದರೆ ಬ್ರೆಟನ್ ಹೀಗೆ ಯೋಚಿಸುತ್ತಿರಲಿಲ್ಲ ಎಂಬುದು ನಿಜ. ಆದರೆ ಮನಸ್ಸಿನ ಸ್ವಯಂಚಾಲನೆಯ ಬಗ್ಗೆ ಫ್ರೆಂಚ್ ಮನೋವಿಜ್ಞಾನಿ ಪಿಯೆರ್ ಜಾನೆ 1889ರಲ್ಲೇ ದೊಡ್ಡ ಗ್ರಂಥ ಬರೆದಿದ್ದ. ಆ ಕಾಲದ ಫ್ರೆಂಚ್ ವೈದ್ಯಕೀಯ ವಿದ್ಯಾರ್ಥಿಗಳಿಗೆ ಫ್ರಾಯ್ಡ್‌ಗಿಂತ ಈ ಪರಂಪರೆ ಹೆಚ್ಚು ಪರಿಚಿತವಾಗಿತ್ತು. ಅದಕ್ಕಿಂತ ಮುಖ್ಯವಾದುದು ಉದ್ದೇಶದ ಭೇದ. ಫ್ರಾಯ್ಡ್ ಸುಪ್ತಮನಸ್ಸನ್ನು ಕೆದಕಿದ್ದು ರೋಗಿಯನ್ನು ಗುಣಪಡಿಸಿ ದೈನಂದಿನ ಬದುಕಿಗೆ ಮರಳಿಸಲಿಕ್ಕಾಗಿ. ಬ್ರೆಟನ್‌ಗೆ ಆ ದೈನಂದಿನ ಬದುಕೇ ಕಾಯಿಲೆಯಂತೆ ಕಂಡಿತ್ತು, ಸುಪ್ತಮನಸ್ಸು ಅದರಿಂದ ಬಿಡುಗಡೆಯ ದಾರಿಯಾಗಿತ್ತು. 1921ರ ಅಕ್ಟೋಬರಿನಲ್ಲಿ ಬ್ರೆಟನ್ ವಿಯೆನ್ನಾಕ್ಕೆ ಹೋಗಿ ಫ್ರಾಯ್ಡ್‌ನನ್ನು ಕಂಡು ನಿರಾಶನಾಗಿ ಮರಳಿದ. ಹನ್ನೊಂದು ವರ್ಷಗಳ ನಂತರ ಬರೆದ ಪತ್ರದಲ್ಲಿ ಫ್ರಾಯ್ಡ್ ಸೌಜನ್ಯದಿಂದಲೇ, ಅತಿವಾಸ್ತವವಾದ ಎಂದರೇನು, ಅದಕ್ಕೇನು ಬೇಕು ಎಂಬುದು ತನಗೆ ಸ್ಪಷ್ಟವಾಗುತ್ತಿಲ್ಲ ಎಂದ. ಇಬ್ಬರ ನಡುವಿನ ಈ ಅಂತರ ಕೇವಲ ವಯಸ್ಸಿನದಲ್ಲ, ಗುರಿಯದು.

1922ರ ಸೆಪ್ಟೆಂಬರಿನಿಂದ ಪ್ರಯೋಗ ಇನ್ನೂ ಮುಂದೆ ಹೋಯಿತು. ಆತ್ಮಗಳೊಡನೆ ಮಾತಾಡುವವರ ಸಭೆಯೊಂದರಲ್ಲಿ ಸಂಮೋಹನ ನಿದ್ದೆಗೆ ಜಾರುವುದನ್ನು ಕಲಿತಿದ್ದ ಕವಿ ರೆನೆ ಕ್ರೆವೆಲ್ ಅದನ್ನು ಗೆಳೆಯರಿಗೆ ತೋರಿಸಿದ. ಕತ್ತಲ ಕೋಣೆಯಲ್ಲಿ ಮೇಜಿನ ಸುತ್ತ ಕೈ ಹಿಡಿದು ಕುಳಿತ ಗುಂಪಿನಲ್ಲಿ ಕ್ರೆವೆಲ್, ರೊಬೇರ್ ದೆಸ್ನೋಸ್, ಬೆಂಜಮಿನ್ ಪೆರೆ ನಿದ್ದೆಗೆ ಜಾರಿ ಮಾತಾಡುತ್ತಿದ್ದರು, ಬರೆಯುತ್ತಿದ್ದರು, ಚಿತ್ರ ಬಿಡಿಸುತ್ತಿದ್ದರು; ಉಳಿದವರು ದಾಖಲಿಸುತ್ತಿದ್ದರು. ಸತ್ತವರು ಮಾತಾಡುತ್ತಾರೆ ಎಂಬ ನಂಬಿಕೆಯನ್ನು ಬ್ರೆಟನ್ ಸಂಪೂರ್ಣ ತಳ್ಳಿಹಾಕಿದ್ದ. ಮಾತಾಡುವುದು ಬದುಕಿರುವವರ ಮನಸ್ಸಿನ ಅರಿಯದ ಭಾಗವೇ ಎಂಬುದು ಅವನ ನಿಲುವು. ಆದರೆ ಅಪಾಯವೂ ಇತ್ತು. ಒಂದು ರಾತ್ರಿ ನಿದ್ದೆಯಲ್ಲಿದ್ದ ಕೆಲವರು ಕ್ರೆವೆಲ್‌ನ ಪ್ರಚೋದನೆಯಿಂದ ನೇಣು ಹಾಕಿಕೊಳ್ಳಲು ಹೊರಟರು. ಇನ್ನೊಮ್ಮೆ ದೆಸ್ನೋಸ್ ಚಾಕು ಹಿಡಿದು ಗುಂಪಿನ ಇನ್ನೊಬ್ಬ ಕವಿ ಪಾಲ್ ಎಲ್ವಾರ್‌ನನ್ನು ಬೆನ್ನಟ್ಟಿದ. ಬ್ರೆಟನ್ ಈ ಸಭೆಗಳನ್ನು ನಿಲ್ಲಿಸಿದ. ಸುಪ್ತಮನಸ್ಸಿನಲ್ಲಿ ಹೊಳೆಯುವ ಪ್ರತಿಮೆಗಳಷ್ಟೇ ಇಲ್ಲ, ಹಿಂಸೆಯೂ ಇದೆ ಎಂಬುದು ಚಳವಳಿಗೆ ಹೆಸರು ಬೀಳುವ ಮೊದಲೇ ಅವರಿಗೆ ತಿಳಿದಿತ್ತು.

1917ರಲ್ಲಿ ಕವಿ ಗಿಯೋಮ್ ಅಪೊಲಿನೇರ್ ತನ್ನ ನಾಟಕವೊಂದಕ್ಕೆ ‘ಅತಿವಾಸ್ತವ ನಾಟಕ’ ಎಂಬ ಉಪಶೀರ್ಷಿಕೆ ಕೊಟ್ಟಿದ್ದ. ಮರುವರ್ಷ ಇನ್‌ಫ್ಲುಯೆಂಜಾದಿಂದ ತೀರಿಕೊಂಡ ಅವನ ನೆನಪಿಗೆ ಗೌರವವಾಗಿ ಬ್ರೆಟನ್ ಮತ್ತು ಸೂಪೊ ಈ ಹೆಸರನ್ನು ಎತ್ತಿಕೊಂಡರು. 1924ರ ಅಕ್ಟೋಬರಿನಲ್ಲಿ ಬ್ರೆಟನ್‌ನ ‘ಅತಿವಾಸ್ತವವಾದದ ಪ್ರಣಾಳಿಕೆ’ ಪ್ರಕಟವಾಯಿತು. ಅದರಲ್ಲಿ ನಿಘಂಟಿನ ಮಾದರಿಯಲ್ಲೇ ಅವನು ನೀಡಿದ ವ್ಯಾಖ್ಯೆಯ ಸಾರ ಹೀಗಿದೆ: ಅತಿವಾಸ್ತವವಾದವು ಶುದ್ಧ ಮಾನಸಿಕ ಸ್ವಯಂಚಾಲನೆ, ಮಾತು, ಬರಹ ಅಥವಾ ಬೇರಾವುದೇ ಬಗೆಯಿಂದ ಆಲೋಚನೆಯ ನಿಜವಾದ ನಡೆಯನ್ನು ಹೊರಗೆಡಹುವುದು ಅದರ ಉದ್ದೇಶ, ವಿವೇಚನೆಯ ಯಾವ ಹಿಡಿತವೂ ಇಲ್ಲದೆ, ಸೌಂದರ್ಯದ ಮತ್ತು ನೀತಿಯ ಎಲ್ಲ ಕಾಳಜಿಗಳ ಆಚೆಗೆ, ಆಲೋಚನೆ ತಾನೇ ಹೇಳಿಬರೆಸಿದ್ದು. ಈ ವ್ಯಾಖ್ಯೆಯಲ್ಲಿ ಚಿತ್ರಕಲೆ ಎಂಬ ಮಾತೇ ಇಲ್ಲ, ಕಲೆ ಎಂಬುದೂ ಇಲ್ಲ. ಚಿತ್ರಕಾರರ ಹೆಸರುಗಳು ಒಂದು ಅಡಿಟಿಪ್ಪಣಿಯಲ್ಲಿ ಬರುತ್ತವೆ, ಅಷ್ಟೆ.

ಪ್ರಣಾಳಿಕೆಯ ಇನ್ನೊಂದು ಮಾತು ವ್ಯಾಖ್ಯೆಗಿಂತಲೂ ಆಳವಾದದ್ದು ಎಂದು ನನಗನ್ನಿಸುತ್ತದೆ. ನಾವು ಬದುಕಿನ ಬಹುದೊಡ್ಡ ಭಾಗವನ್ನು ನಿದ್ದೆಯಲ್ಲಿ ಕಳೆಯುತ್ತೇವೆ, ಆದರೂ ಎಚ್ಚರದ ಕ್ಷಣಗಳಿಗೆ ಮಾತ್ರ ಬೆಲೆ ಕೊಟ್ಟು ಕನಸನ್ನು ಆವರಣದೊಳಗಿನ ಟಿಪ್ಪಣಿಯಂತೆ ಬದಿಗಿಡುತ್ತೇವೆ ಎಂದು ಬ್ರೆಟನ್ ಆಕ್ಷೇಪಿಸುತ್ತಾನೆ. ಪರಸ್ಪರ ವಿರುದ್ಧವೆಂದು ತೋರುವ ಕನಸು ಮತ್ತು ವಾಸ್ತವ ಎಂಬ ಎರಡು ಸ್ಥಿತಿಗಳು ಮುಂದೊಮ್ಮೆ ಒಂದು ಪರಿಪೂರ್ಣ ವಾಸ್ತವದಲ್ಲಿ ಕೂಡಿಕೊಳ್ಳುತ್ತವೆ ಎಂಬುದು ಅವನ ನಂಬಿಕೆ. ಅಂದರೆ ಅತಿವಾಸ್ತವವಾದಿಗಳು ವಾಸ್ತವದಿಂದ ಓಡಿಹೋಗಿ ಕನಸಿನಲ್ಲಿ ಅಡಗಿಕೊಳ್ಳಲು ಬಯಸಿದವರಲ್ಲ. ಅವರ ದೂರು, ನಾವು ವಾಸ್ತವವೆಂದು ಕರೆಯುವುದು ತೀರ ಕಿರಿದಾಗಿದೆ, ಅದರಿಂದ ಅರ್ಧ ಮನುಷ್ಯನನ್ನು ಹೊರಗಿಟ್ಟಿದ್ದೇವೆ ಎಂಬುದಾಗಿತ್ತು. ಅದೇ ತಿಂಗಳು ಪ್ಯಾರಿಸಿನ ಗ್ರೆನೆಲ್ ಬೀದಿಯ 15ನೇ ಸಂಖ್ಯೆಯ ಮನೆಯಲ್ಲಿ ಅವರು ‘ಅತಿವಾಸ್ತವ ಸಂಶೋಧನಾ ಕಚೇರಿ’ಯನ್ನು ತೆರೆದು, ಸಾರ್ವಜನಿಕರು ಬಂದು ತಮ್ಮ ಕನಸುಗಳನ್ನೂ ವಿಚಿತ್ರ ಅನುಭವಗಳನ್ನೂ ದಾಖಲಿಸಬೇಕೆಂದು ಕೋರಿದರು. ಡಿಸೆಂಬರಿನಲ್ಲಿ ಆರಂಭವಾದ ಅವರ ಪತ್ರಿಕೆಯ ವಿನ್ಯಾಸವೂ ವಿಜ್ಞಾನ ಪತ್ರಿಕೆಯೊಂದರ ಮಾದರಿಯಲ್ಲಿತ್ತು. ಇದು ವೇಷವಲ್ಲ, ತಾವು ಸಂಶೋಧನೆ ನಡೆಸುತ್ತಿದ್ದೇವೆಂದೇ ಅವರು ಭಾವಿಸಿದ್ದರು.

ಈ ಸಂಶೋಧನೆಯ ಮುಖ್ಯ ಫಲ ಪ್ರತಿಮೆಯ ಕುರಿತ ಒಂದು ತಿಳಿವಳಿಕೆ. ಅಲಂಕಾರಶಾಸ್ತ್ರದ ಉಪಮೆ ಸಾದೃಶ್ಯವನ್ನು ಆಧರಿಸುತ್ತದೆ. ಹೋಲುವ ಎರಡು ವಸ್ತುಗಳನ್ನು ಕವಿ ಹತ್ತಿರ ತರುತ್ತಾನೆ. 1918ರಲ್ಲಿ ಕವಿ ಪಿಯೆರ್ ರೆವರ್ದಿ ಇದಕ್ಕೆ ವ್ಯತಿರಿಕ್ತವಾದ ಮಾತು ಹೇಳಿದ್ದ: ಪ್ರತಿಮೆ ಹುಟ್ಟುವುದು ಹೋಲಿಕೆಯಿಂದಲ್ಲ, ಪರಸ್ಪರ ದೂರವಿರುವ ಎರಡು ವಾಸ್ತವಗಳು ಸಮೀಪಿಸಿದಾಗ, ಅವುಗಳ ನಡುವಿನ ಅಂತರ ಹೆಚ್ಚಿದಷ್ಟೂ, ಸಂಬಂಧ ಯುಕ್ತವಾದಷ್ಟೂ ಪ್ರತಿಮೆ ಬಲವಾಗುತ್ತದೆ. ಇದಕ್ಕೆ ಅತಿವಾಸ್ತವವಾದಿಗಳು ಕಂಡುಕೊಂಡ ಆದರ್ಶ ಉದಾಹರಣೆ, 1870ರಲ್ಲಿ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅನಾಮಧೇಯನಂತೆ ತೀರಿಕೊಂಡ ಲೋತ್ರೆಯಾಮೊ ಎಂಬ ಕವಿಯ ಒಂದು ಸಾಲು. ಶವಪರೀಕ್ಷೆಯ ಮೇಜಿನ ಮೇಲೆ ಹೊಲಿಗೆ ಯಂತ್ರವೂ ಕೊಡೆಯೂ ಆಕಸ್ಮಿಕವಾಗಿ ಸಂಧಿಸಿದಂತೆ ಒಬ್ಬ ತರುಣ ಸುಂದರನಾಗಿದ್ದಾನೆ ಎಂದು ಆ ಸಾಲು ಹೇಳುತ್ತದೆ. ಬ್ರೆಟನ್ ರೆವರ್ದಿಯ ಮಾತನ್ನು ಒಂದು ಮುಖ್ಯ ವಿಷಯದಲ್ಲಿ ತಿದ್ದಿದ: ಇಂತಹ ಎರಡು ವಾಸ್ತವಗಳನ್ನು ಕವಿ ಉದ್ದೇಶಪೂರ್ವಕವಾಗಿ ಜೋಡಿಸಲಾರ, ಅವು ತಾವಾಗಿ ಸಂಧಿಸಿ ಕಿಡಿ ಹಾರಿದ ಮೇಲೆ ವಿವೇಚನೆ ಬಂದು ಅದನ್ನು ಗುರುತಿಸಬಹುದಷ್ಟೆ.

ಇದೇ ತತ್ತ್ವವನ್ನು ಆಟವಾಗಿ ರೂಪಿಸಿದ್ದು 1925ರ ಸುಮಾರಿಗೆ. ಒಬ್ಬ ಕಾಗದದ ಮೇಲೆ ಒಂದು ನಾಮಪದ ಬರೆದು ಮಡಿಸುತ್ತಾನೆ; ಮುಂದಿನವನು ಅದನ್ನು ನೋಡದೆ ವಿಶೇಷಣ ಬರೆಯುತ್ತಾನೆ; ಇನ್ನೊಬ್ಬ ಕ್ರಿಯಾಪದ. ಹೀಗೆ ಮೊದಲು ದೊರೆತ ವಾಕ್ಯ ‘ಸೊಗಸಾದ ಶವ ಹೊಸ ಮದ್ಯವನ್ನು ಕುಡಿಯುವುದು’ ಎಂದಿತ್ತಾದ್ದರಿಂದ ಆಟಕ್ಕೂ ‘ಸೊಗಸಾದ ಶವ’ ಎಂಬ ಹೆಸರೇ ನಿಂತಿತು. ಬಳಿಕ ಇದನ್ನು ಚಿತ್ರಗಳಲ್ಲೂ ಆಡಿದರು. ತಲೆ ಒಬ್ಬನದು, ಮುಂಡ ಇನ್ನೊಬ್ಬನದು, ಕಾಲು ಮತ್ತೊಬ್ಬನದು. ಪ್ರತಿಭೆ ಎಂಬುದು ಒಬ್ಬ ವ್ಯಕ್ತಿಯ ಸ್ವತ್ತಲ್ಲ ಎಂಬ ಚಳವಳಿಯ ನಂಬಿಕೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಇನ್ನು ಚಿತ್ರಕಲೆಯ ಪ್ರಶ್ನೆ. ಪತ್ರಿಕೆಯ ಸಂಪಾದಕರಲ್ಲಿ ಒಬ್ಬನಾದ ಪಿಯೆರ್ ನವಿಲ್ 1925ರಲ್ಲಿ, ಅತಿವಾಸ್ತವ ಚಿತ್ರಕಲೆ ಎಂಬುದು ಇಲ್ಲ ಎಂದು ನೇರವಾಗಿಯೇ ಬರೆದ. ಅವನ ವಾದದಲ್ಲಿ ತಿರುಳಿತ್ತು. ಪದಗಳು ಯೋಚನೆಯ ವೇಗದಲ್ಲಿ ಹರಿಯಬಲ್ಲವು; ಎಣ್ಣೆಬಣ್ಣ ಒಣಗಲು ದಿನಗಳು ಬೇಕು. ಕ್ಯಾನ್ವಾಸಿನ ಮುಂದೆ ವಾರಗಟ್ಟಲೆ ನಿಲ್ಲುವವನು ವಿವೇಚನೆಯ ಹಿಡಿತದಿಂದ ತಪ್ಪಿಸಿಕೊಳ್ಳುವುದು ಹೇಗೆ? ಕನಸನ್ನು ನೆನಪಿನಿಂದ ನಿಧಾನವಾಗಿ ನಕಲು ಮಾಡಿದರೆ ಅದು ಕನಸಿನ ಚಿತ್ರವಾದೀತೇ ಹೊರತು ಸ್ವಯಂಚಾಲನೆಯಾಗದು. ಬ್ರೆಟನ್ ಇದಕ್ಕೆ ಉತ್ತರವಾಗಿ ಬರೆದ ಲೇಖನಮಾಲೆ 1928ರಲ್ಲಿ ಪುಸ್ತಕವಾಯಿತು. ಆದರೆ ನಿಜವಾದ ಉತ್ತರ ಕೊಟ್ಟವರು ಚಿತ್ರಕಾರರು, ತಮ್ಮ ಕೈಗಳಿಂದ.

ಯುದ್ಧದಲ್ಲಿ ಎದೆಗೆ ತೀವ್ರ ಗಾಯವಾಗಿ ಬದುಕುಳಿದ ಆಂದ್ರೆ ಮಸೋಂ, ಏನನ್ನೂ ಚಿತ್ರಿಸುವ ಉದ್ದೇಶವಿಲ್ಲದೆ ಲೇಖನಿಯನ್ನು ಕಾಗದದ ಮೇಲೆ ಓಡಿಸಿದ. ಗೆರೆಗಳ ಗೋಜಲಿನಿಂದ ತಾವಾಗಿ ಕೈಗಳು, ಮೊಲೆಗಳು, ಹಕ್ಕಿಗಳು, ಮೀನುಗಳು ಮೂಡತೊಡಗಿದವು. ಎಣ್ಣೆಬಣ್ಣದ ನಿಧಾನಗತಿಯನ್ನು ಮೀರಲು ಅವನು ಕ್ಯಾನ್ವಾಸಿನ ಮೇಲೆ ಅಂಟನ್ನು ಚೆಲ್ಲಿ ಮರಳನ್ನು ಸುರಿದ. ಅಂಟಿಕೊಂಡ ಮರಳಿನ ಆಕಾರಗಳೇ ಚಿತ್ರಕ್ಕೆ ದಾರಿ ತೋರಿದವು. ಕೆಟಲೋನಿಯಾದ ಜೊಆನ್ ಮಿರೊ ಇದೇ ವರ್ಷಗಳಲ್ಲಿ ಬಣ್ಣದ ತೆಳುವಾದ ಹರವಿನ ಮೇಲೆ ಕಣ್ಣು, ಏಣಿ, ನಕ್ಷತ್ರಗಳ ಸಂಕೇತಲಿಪಿಯೊಂದನ್ನು ಕಟ್ಟಿಕೊಂಡ.

ಆದರೆ ಈ ಸಮಸ್ಯೆಯನ್ನು ಎಲ್ಲರಿಗಿಂತ ಆಳವಾಗಿ ಯೋಚಿಸಿದವನು, ನನ್ನ ದೃಷ್ಟಿಯಲ್ಲಿ, ಜರ್ಮನಿಯ ಮಾಕ್ಸ್ ಅರ್ನ್ಸ್ಟ್. ಬಾನ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ, ಜರ್ಮನ್ ಸೇನೆಯ ಫಿರಂಗಿದಳದಲ್ಲಿ ದುಡಿದು ಬಂದ ಆತನ ಕಣ್ಣಿಗೆ 1919ರಲ್ಲಿ ಬೋಧನೋಪಕರಣಗಳ ಸಚಿತ್ರ ಕ್ಯಾಟಲಾಗೊಂದು ಬಿತ್ತು. ಅಂಗರಚನೆ, ಸೂಕ್ಷ್ಮದರ್ಶಕ, ಖನಿಜಶಾಸ್ತ್ರ, ಮನೋವಿಜ್ಞಾನ ಇವುಗಳ ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳು ಒಂದೇ ಪುಟದಲ್ಲಿ ಒತ್ತಾಗಿ ಕುಳಿತಿದ್ದುದನ್ನು ಕಂಡಾಗ ತನ್ನ ದೃಷ್ಟಿಶಕ್ತಿಯೇ ಕೆರಳಿದಂತಾಯಿತು ಎಂದು ಅವನು ಬರೆದಿದ್ದಾನೆ. ಆ ಪುಟಗಳನ್ನು ಕತ್ತರಿಸಿ, ಅಂಟಿಸಿ, ಒಂದಿಷ್ಟು ಬಣ್ಣವನ್ನೋ ಕ್ಷಿತಿಜರೇಖೆಯನ್ನೋ ಸೇರಿಸಿದರೆ ಸಾಕಿತ್ತು. ಹೊಲಿಗೆ ಯಂತ್ರ ಮತ್ತು ಕೊಡೆಯ ಭೇಟಿ ಕಾಗದದ ಮೇಲೆ ನಡೆದುಹೋಗುತ್ತಿತ್ತು. 1925ರ ಆಗಸ್ಟ್ 10ರಂದು ಫ್ರಾನ್ಸಿನ ಪೊರ್ನಿಕ್ ಎಂಬ ಕಡಲೂರಿನ ವಸತಿಗೃಹದಲ್ಲಿ ಮಳೆಗೆ ಸಿಕ್ಕಿ ಕುಳಿತಿದ್ದ ಅವನು, ತಿಕ್ಕಿ ತಿಕ್ಕಿ ಸವೆದ ಹಲಗೆನೆಲದ ಎಳೆಗಳನ್ನೇ ದಿಟ್ಟಿಸುತ್ತ ಎರಡನೆಯ ವಿಧಾನವನ್ನು ಕಂಡುಕೊಂಡ. ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವಂತೆ, ನೆಲದ ಮೇಲೆ ಕಾಗದ ಹರಡಿ ಸೀಸದಿಂದ ಉಜ್ಜಿದ. ಮರದ ಎಳೆಗಳು ಕಾಡುಗಳಾದವು, ಸಮುದ್ರವಾದವು, ಪ್ರಾಣಿಗಳ ಕಣ್ಣುಗಳಾದವು. ಫ್ರೊತಾಜ್ ಎಂದು ಹೆಸರಾದ ಈ ಉಜ್ಜುಚಿತ್ರಗಳಲ್ಲಿ ಕಲಾವಿದ ತನ್ನ ಕೃತಿ ಹುಟ್ಟುವುದನ್ನು ಪ್ರೇಕ್ಷಕನಾಗಿ ನಿಂತು ನೋಡುತ್ತಾನೆ ಎಂಬುದು ಅರ್ನ್ಸ್ಟ್‌ನ ಮಾತು. ನವಿಲ್ ಎತ್ತಿದ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರವಿಲ್ಲ: ಕೈಯ ಹಿಡಿತವನ್ನೇ ತೆಗೆದುಹಾಕಿ, ಕಣ್ಣಿನ ಕಾಣ್ಕೆಯನ್ನು ಮಾತ್ರ ಉಳಿಸಿಕೊಂಡರೆ ಚಿತ್ರವೂ ಸ್ವಯಂಚಾಲಿತವಾಗಬಲ್ಲದು.

ಎರಡನೆಯ ದಾರಿ ಇದಕ್ಕೆ ಪೂರ್ಣ ವಿರುದ್ಧವಾಗಿತ್ತು. ಇಟಲಿಯ ಜಾರ್ಜಿಯೊ ದೆ ಕಿರಿಕೊ ಯುದ್ಧಕ್ಕೂ ಮುಂಚೆಯೇ ಖಾಲಿ ಚೌಕಗಳು, ಉದ್ದನೆಯ ನೆರಳುಗಳು, ಕಮಾನುಗಳ ಸಾಲು, ದೂರದಲ್ಲೊಂದು ರೈಲು ಇರುವ ಚಿತ್ರಗಳನ್ನು ಬರೆದಿದ್ದ. ಅಲ್ಲಿ ಪ್ರತಿಯೊಂದು ವಸ್ತುವೂ ಸ್ಪಷ್ಟ, ಆದರೆ ಅವುಗಳ ಕೂಟ ಮಾತ್ರ ಕನಸಿನದು. ಅವನ ‘ಪ್ರೇಮಗೀತೆ’ ಚಿತ್ರದ ಮುದ್ರಿತ ಪ್ರತಿಯೊಂದನ್ನು ಕಂಡ ಬೆಲ್ಜಿಯಂನ ರೆನೆ ಮಾಗ್ರಿತ್ ಕಣ್ಣೀರು ತಡೆಯಲಾರದೆ ಹೋದ. ಮಾಗ್ರಿತ್‌ಗೆ ಸ್ವಯಂಚಾಲನೆಯಲ್ಲಿ ಆಸಕ್ತಿಯೇ ಇರಲಿಲ್ಲ. ಅವನು ಅಂಗಡಿಯ ಫಲಕ ಬರೆಯುವವನ ಶುಭ್ರ ಶೈಲಿಯಲ್ಲಿ, ಲೆಕ್ಕ ಬಿಡಿಸುವಂತೆ ಚಿತ್ರಿಸಿದ. ತಾನೊಮ್ಮೆ ಎಚ್ಚರಗೊಂಡಾಗ ಕೋಣೆಯಲ್ಲಿದ್ದ ಪಂಜರದೊಳಗೆ ಹಕ್ಕಿಯ ಬದಲು ಮೊಟ್ಟೆಯಿರುವಂತೆ ಕಂಡದ್ದನ್ನು ಅವನು ಹೇಳಿಕೊಂಡಿದ್ದಾನೆ. ಪಂಜರ ಮತ್ತು ಮೊಟ್ಟೆ ಪರಸ್ಪರ ಅಪರಿಚಿತ ವಸ್ತುಗಳಲ್ಲ. ಅವುಗಳ ನಡುವೆ ಸಂಬಂಧವಿದೆ, ನಾವು ಅದನ್ನು ಕಂಡಿರಲಿಲ್ಲ, ಅಷ್ಟೆ. ಬೆರಗು ಹುಟ್ಟಲು ವಸ್ತುಗಳು ದೂರದವೇ ಆಗಬೇಕಿಲ್ಲ, ಅಡಗಿದ ನಂಟೊಂದು ಬಯಲಾದರೂ ಸಾಕು ಎಂಬ ಈ ಕಾಣ್ಕೆ ರೆವರ್ದಿ, ಬ್ರೆಟನ್ ಇಬ್ಬರ ಸಿದ್ಧಾಂತಕ್ಕೂ ಒಂದು ಮಹತ್ವದ ಸೇರ್ಪಡೆ. ದಖ್ಖನ್ನಿನ ಓದುಗರಿಗೆ ಒಂದು ಹೆಸರು ಹತ್ತಿರವೆನಿಸಬಹುದು: ಬೌಲರ್ ಟೋಪಿ ತೊಟ್ಟ ಒಂದೇ ತೆರನ ಗಂಡಸರು ಮನೆಗಳ ಮುಂದಿನ ಆಕಾಶದಲ್ಲಿ ಮಳೆಹನಿಗಳಂತೆ ತೂಗುತ್ತಿರುವ ಅವನ 1953ರ ಪ್ರಸಿದ್ಧ ಚಿತ್ರದ ಶೀರ್ಷಿಕೆ ‘ಗೋಲ್ಕೊಂಡ’. ವಜ್ರಗಳಿಗಾಗಿ ಯುರೋಪಿನ ಕಲ್ಪನೆಯಲ್ಲಿ ಮಾಯಾನಗರಿಯಾಗಿ ಉಳಿದಿದ್ದ ಆ ಹೆಸರನ್ನು ಸೂಚಿಸಿದವನು ಅವನ ಕವಿಮಿತ್ರ ಲೂಯಿ ಸ್ಕ್ಯುಟನೇರ್.

1929ರಲ್ಲಿ ಚಲನಚಿತ್ರ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಜೊತೆ ಮಾಡಿದ ಕಿರುಚಿತ್ರದೊಂದಿಗೆ ಪ್ಯಾರಿಸಿಗೆ ಬಂದ ಡಾಲಿ ಈ ಎರಡನೆಯ ದಾರಿಯನ್ನು ತುದಿಗೆ ಒಯ್ದ. ಬರುವುದನ್ನು ಸುಮ್ಮನೆ ಬರಲು ಬಿಡುವ ಸ್ವಯಂಚಾಲನೆ ನಿಷ್ಕ್ರಿಯವಾದುದು ಎಂದು ಅವನು ವಾದಿಸಿದ. ಅದರ ಬದಲು, ಸಂಶಯರೋಗಿ ಹೇಗೆ ಎಲ್ಲೆಡೆ ತನ್ನ ಗೀಳಿಗೆ ಪುರಾವೆಗಳನ್ನು ಕಾಣುತ್ತಾನೋ ಹಾಗೆ, ಒಂದು ಆಕಾರದಲ್ಲಿ ಇನ್ನೊಂದನ್ನು ಎಚ್ಚರದಿಂದಲೇ ಕಾಣುವ ‘ವಿಭ್ರಮ ವಿಮರ್ಶಾ ವಿಧಾನ’ವನ್ನು ಮುಂದಿಟ್ಟ; ಹಾಗೆ ಕಂಡದ್ದನ್ನು ಛಾಯಾಚಿತ್ರದ ನಿಖರತೆಯಲ್ಲಿ ಬರೆದ. ಕರಗುವ ಗಡಿಯಾರಗಳ ಚಿತ್ರ ಕೇವಲ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲದ್ದು. ಅದರ ಬಲವಿರುವುದು ಆ ಪುಟ್ಟ ಅಳತೆಯೊಳಗಿನ ನಿಖರತೆಯಲ್ಲೇ. 1938ರ ಜುಲೈನಲ್ಲಿ ಲಂಡನ್ನಿನಲ್ಲಿ ಡಾಲಿ ವೃದ್ಧ ಫ್ರಾಯ್ಡ್‌ನನ್ನು ಭೇಟಿಯಾದ. ಮರುದಿನ ಬರೆದ ಪತ್ರದಲ್ಲಿ ಫ್ರಾಯ್ಡ್, ಅತಿವಾಸ್ತವವಾದಿಗಳನ್ನು ಮೂರ್ಖರೆಂದೇ ಭಾವಿಸಿದ್ದ ತನ್ನ ಅಭಿಪ್ರಾಯವನ್ನು ಈ ಯುವಕನ ಪ್ರಶ್ನಾತೀತ ತಾಂತ್ರಿಕ ನೈಪುಣ್ಯ ಬದಲಿಸಿತು ಎಂದ. ಆದರೆ ಹಳೆಯ ಮಹಾಚಿತ್ರಗಳಲ್ಲಿ ತಾನು ಸುಪ್ತವಾದುದನ್ನು ಹುಡುಕುತ್ತೇನೆ, ನಿಮ್ಮ ಚಿತ್ರಗಳಲ್ಲಿ ಪ್ರಜ್ಞಾಪೂರ್ವಕವಾದುದನ್ನು ಎಂದೂ ಆತ ಹೇಳಿದನೆಂದು ಡಾಲಿಯೇ ಬರೆದುಕೊಂಡಿದ್ದಾನೆ. ಎರಡನೆಯ ದಾರಿಯ ಮಿತಿ ಆ ಮಾತಿನಲ್ಲಿ ಪೂರ್ತಿಯಾಗಿ ಅಡಗಿದೆ.

ಚಳವಳಿಯ ಬಗ್ಗೆ ಆದರವಿರುವವರೂ ಮರೆಮಾಚಬಾರದ ಒಂದು ಕೊರತೆಯಿದೆ. 1929ರ ಡಿಸೆಂಬರಿನ ಪತ್ರಿಕೆಯಲ್ಲಿ ಪ್ರಕಟವಾದ ಪ್ರಸಿದ್ಧ ಪುಟವೊಂದರಲ್ಲಿ ಮಾಗ್ರಿತ್ ಬರೆದ ನಗ್ನ ಸ್ತ್ರೀಯ ಸುತ್ತ ಹದಿನಾರು ಗಂಡಸರ ಭಾವಚಿತ್ರಗಳಿವೆ. ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಅವರ ಕನಸುಗಳಲ್ಲಿ ಹೆಣ್ಣು ಸ್ಫೂರ್ತಿ, ಮಗು, ಮಾಟಗಾತಿ, ಹುಚ್ಚಿ. ಆದರೆ ಸ್ವತಃ ಕನಸು ಕಾಣುವವಳಾಗಿ ಅವಳು ಅಲ್ಲಿಲ್ಲ. ಬ್ರೆಟನ್ ‘ನಾಜಾ’ ಎಂಬ ತನ್ನ 1928ರ ಪುಸ್ತಕದಲ್ಲಿ ಅಮರಗೊಳಿಸಿದ ತರುಣಿ ಅದಕ್ಕೂ ಹಿಂದಿನ ವರ್ಷವೇ ಮಾನಸಿಕ ಆಸ್ಪತ್ರೆ ಸೇರಿದ್ದಳು. 1941ರಲ್ಲಿ ಸಾಯುವವರೆಗೂ ಆಕೆ ಅಂಥ ಆಸ್ಪತ್ರೆಗಳಿಂದ ಹೊರಬರಲಿಲ್ಲ. ಹುಚ್ಚನ್ನು ಬಿಡುಗಡೆಯೆಂದು ಹೊರಗೆ ನಿಂತು ಹೊಗಳುವುದು ಸುಲಭ. 1940ರಲ್ಲಿ, ಸಂಗಾತಿ ಅರ್ನ್ಸ್ಟ್ ಸೆರೆಯಾದ ಆಘಾತದಿಂದ ಕುಸಿದು ಸ್ಪೇನಿನ ಸಾಂತಾಂದೇರ್‌ನ ಆಸ್ಪತ್ರೆಯಲ್ಲಿ ಸೆಳೆತ ಬರಿಸುವ ಚುಚ್ಚುಮದ್ದುಗಳನ್ನು ಅನುಭವಿಸಿದ ಚಿತ್ರಕಾರ್ತಿ, ಲೇಖಕಿ ಲಿಯೊನೋರಾ ಕ್ಯಾರಿಂಗ್ಟನ್ ಅದನ್ನು ಒಳಗಿನಿಂದ ಬರೆದಳು, ಮತ್ತು ಆ ಬರಹದಲ್ಲಿ ವೈಭವೀಕರಣದ ಸುಳಿವೂ ಇಲ್ಲ. ಚಹಾದ ಬಟ್ಟಲು, ತಟ್ಟೆ, ಚಮಚಗಳಿಗೆ ತುಪ್ಪಳ ಹೊದಿಸಿದ ಮೆರೆಟ್ ಒಪೆನ್‌ಹೈಮ್, ಮೆಕ್ಸಿಕೊದಲ್ಲಿ ಕ್ಯಾರಿಂಗ್ಟನ್ನಳ ಗೆಳತಿಯಾಗಿ ಬೆಳೆದ ರೆಮೆದಿಯೋಸ್ ವಾರೊ, ಡೊರೊಥಿಯಾ ಟ್ಯಾನಿಂಗ್, ತನ್ನನ್ನೇ ಹತ್ತಾರು ವೇಷಗಳಲ್ಲಿ ಛಾಯಾಚಿತ್ರಿಸಿಕೊಂಡ ಕ್ಲೋಡ್ ಕಾಹೂನ್ ಇವರೆಲ್ಲ ಚಳವಳಿಯ ವಿಧಾನವನ್ನು ಅದರ ಗಂಡಸರಿಂದಲೇ ಬಿಡಿಸಿಕೊಂಡರು. ಮೆಕ್ಸಿಕೊದ ಚಿತ್ರಕಾರ್ತಿ ಫ್ರಿಡಾ ಕಾಹ್ಲೊ ಮಾತ್ರ ಅತಿವಾಸ್ತವವಾದಿ ಎಂಬ ಹೆಸರನ್ನೇ ಒಪ್ಪಲಿಲ್ಲ. ತಾನು ಬರೆದದ್ದು ಕನಸುಗಳನ್ನಲ್ಲ, ತನ್ನ ವಾಸ್ತವವನ್ನು ಎಂದಳು.

ರಾಜಕೀಯವನ್ನು ಈ ಚಿಂತನೆಯಿಂದ ಬೇರ್ಪಡಿಸಲಾಗದು. ಮನುಷ್ಯನೊಳಗಿನ ಕಾವಲನ್ನು ತೆಗೆಯಬೇಕೆನ್ನುವವರು ಹೊರಗಿನ ಕಾವಲುಗಾರರನ್ನು ಸಹಿಸಿಕೊಳ್ಳುವುದು ಹೇಗೆ? 1925ರಲ್ಲಿ ಮೊರಾಕ್ಕೊದ ರಿಫ್ ಜನರ ಮೇಲೆ ಫ್ರಾನ್ಸ್ ನಡೆಸಿದ ಯುದ್ಧವನ್ನು ಅವರು ಬಹಿರಂಗವಾಗಿ ವಿರೋಧಿಸಿದರು. 1927ರಲ್ಲಿ ಬ್ರೆಟನ್, ಅರಗಾನ್, ಎಲ್ವಾರ್, ಪೆರೆ ಮತ್ತು ಪಿಯೆರ್ ಯುನಿಕ್ ಕಮ್ಯುನಿಸ್ಟ್ ಪಕ್ಷ ಸೇರಿದರು. ಆ ಸಂಬಂಧ ನೆಮ್ಮದಿಯದಾಗಲಿಲ್ಲ. ಪಕ್ಷಕ್ಕೆ ಉಕ್ಕಿನ ಉತ್ಪಾದನೆಯ ಅಂಕಿಅಂಶ ಬೇಕಿತ್ತು, ಕನಸಿನ ವರದಿಯಲ್ಲ. 1932ರಲ್ಲಿ ಅರಗಾನ್ ಗೆಳೆಯರನ್ನು ಬಿಟ್ಟು ಪಕ್ಷದ ಕಡೆ ಹೋದ. 1933ರಲ್ಲಿ ಪಕ್ಷ ಬ್ರೆಟನ್‌ನನ್ನು ಹೊರಹಾಕಿತು. ಜಗತ್ತನ್ನು ಬದಲಿಸಿ ಎಂದ ಮಾರ್ಕ್ಸ್, ಬದುಕನ್ನು ಬದಲಿಸಿ ಎಂದ ಕವಿ ರಿಂಬೋ, ಇಬ್ಬರ ಕರೆಯೂ ತಮಗೆ ಒಂದೇ ಎಂದು ಬ್ರೆಟನ್ 1935ರಲ್ಲಿ ಬರೆದ. ಸ್ವಾತಂತ್ರ್ಯವನ್ನು ಇಷ್ಟು ಪ್ರೀತಿಸಿದ ಅವನೇ ತನ್ನ ಗುಂಪಿನಿಂದ ಸೂಪೊ, ರಂಗಕರ್ಮಿ ಆಂತೊನಿನ್ ಆರ್ತೋ, ದೆಸ್ನೋಸ್, ಡಾಲಿ ಹೀಗೆ ಒಬ್ಬೊಬ್ಬರನ್ನೇ ಹೊರಹಾಕುತ್ತ ಹೋದದ್ದು ಅವನ ಚರಿತ್ರೆಯ ನೋವಿನ ಭಾಗ. ಹಿಟ್ಲರನ ಬಗ್ಗೆ ಡಾಲಿ ತೋರಿದ ಮೋಹದ ವಿಷಯದಲ್ಲಿ ಅವನ ಸಿಟ್ಟಿಗೆ ಕಾರಣವಿತ್ತು. ಉಳಿದ ಹಲವು ಬಹಿಷ್ಕಾರಗಳಿಗೆ ಅಷ್ಟು ಬಲವಾದ ಕಾರಣಗಳಿರಲಿಲ್ಲ.

1931ರಲ್ಲಿ ಪ್ಯಾರಿಸಿನ ವಿನ್ಸೆನ್ ಉದ್ಯಾನದಲ್ಲಿ ಬೃಹತ್ ವಸಾಹತು ಪ್ರದರ್ಶನ ನಡೆದಾಗ, ಅದನ್ನು ನೋಡಲು ಹೋಗಬೇಡಿ ಎಂದು ಕರಪತ್ರ ಹಂಚಿ, ವಸಾಹತುಗಳ ಸತ್ಯವನ್ನು ತೋರಿಸುವ ಪ್ರತಿಪ್ರದರ್ಶನದಲ್ಲಿ ಕೈಜೋಡಿಸಿದವರು ಫ್ರಾನ್ಸಿನ ಕಲಾವಿದರಲ್ಲಿ ಬಹುಮಟ್ಟಿಗೆ ಇವರೇ. ಇದರ ಫಲ ಹತ್ತು ವರ್ಷಗಳ ನಂತರ ಅನಿರೀಕ್ಷಿತ ಸ್ಥಳದಲ್ಲಿ ಕಂಡಿತು. ನಾಜಿಗಳಿಂದ ತಪ್ಪಿಸಿಕೊಂಡು 1941ರ ಮಾರ್ಚಿನಲ್ಲಿ ಮಾರ್ಸೇ ಬಂದರಿನಿಂದ ಹೊರಟ ಹಡಗಿನಲ್ಲಿ ಬ್ರೆಟನ್, ಕ್ಯೂಬಾದ ಚಿತ್ರಕಾರ ವಿಫ್ರೆದೊ ಲಾಮ್, ಮಾನವಶಾಸ್ತ್ರಜ್ಞ ಕ್ಲೋಡ್ ಲೆವಿ ಸ್ಟ್ರಾಸ್ ಇದ್ದರು. ದಾರಿಯಲ್ಲಿ ಫ್ರೆಂಚ್ ವಸಾಹತಾಗಿದ್ದ ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಹಡಗು ನಿಂತಿತು. ಮಗಳಿಗೆ ರಿಬ್ಬನ್ ಕೊಳ್ಳಲು ಫೋರ್ ದ ಫ್ರಾನ್ಸ್ ಪಟ್ಟಣದ ಅಂಗಡಿಯೊಂದಕ್ಕೆ ಹೋದ ಬ್ರೆಟನ್‌ಗೆ ಅಲ್ಲಿ ‘ಟ್ರೋಪಿಕ್’ ಎಂಬ ಹೊಸ ಪತ್ರಿಕೆಯ ಮೊದಲ ಸಂಚಿಕೆ ಕಾಣಿಸಿತು. ಅದನ್ನು ನಡೆಸುತ್ತಿದ್ದವರು ಕವಿ ಎಮೆ ಸೆಸೇರ್, ಲೇಖಕಿ ಸೂಜನ್ ಸೆಸೇರ್, ರೆನೆ ಮೆನಿಲ್ ಮತ್ತು ಗೆಳೆಯರು. ಯುರೋಪಿನ ಬುದ್ಧಿವಂತಿಕೆ ಆಳುವವರ ಬುದ್ಧಿವಂತಿಕೆಯಾಗಿ ಬಂದಿಳಿದ ನೆಲದಲ್ಲಿ, ಆ ಬುದ್ಧಿಯ ಕಾವಲನ್ನು ತೆಗೆಯುವ ವಿಧಾನಕ್ಕೆ ಪ್ಯಾರಿಸಿನಲ್ಲಿ ಎಂದೂ ಇರದಿದ್ದ ತುರ್ತು ಇತ್ತು. ಅದೇ ಕಾಲದಲ್ಲಿ ಕೈರೋದಲ್ಲಿ ಜಾರ್ಜ್ ಹೆನೆನ್ ಮತ್ತು ಗೆಳೆಯರು ಕಟ್ಟಿದ್ದ ‘ಕಲೆ ಮತ್ತು ಸ್ವಾತಂತ್ರ್ಯ’ ಗುಂಪು ಕೂಡ ಚಳವಳಿಯನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಒಗ್ಗಿಸಿಕೊಳ್ಳುತ್ತಿತ್ತು.

ಬ್ರೆಟನ್ 1929ರ ಎರಡನೆಯ ಪ್ರಣಾಳಿಕೆಯಲ್ಲಿ, ಬದುಕು ಮತ್ತು ಸಾವು, ವಾಸ್ತವ ಮತ್ತು ಕಲ್ಪಿತ, ಭೂತ ಮತ್ತು ಭವಿಷ್ಯ, ಮೇಲು ಮತ್ತು ಕೀಳು ಪರಸ್ಪರ ವಿರುದ್ಧವೆಂದು ತೋರದ ಬಿಂದುವೊಂದು ಮನಸ್ಸಿನಲ್ಲಿದೆ, ಅದನ್ನು ತಲಪುವ ಆಸೆಯೇ ಅತಿವಾಸ್ತವವಾದದ ಪ್ರೇರಣೆ ಎಂದು ಬರೆದಿದ್ದ. 1943ರಲ್ಲಿ, ನಾಜಿಗಳೊಡನೆ ಕೈಜೋಡಿಸಿದ್ದ ವಿಷಿ ಸರ್ಕಾರದ ಅಧಿಕಾರಿಗಳು ನಿಷೇಧಿಸಿದ್ದ ‘ಟ್ರೋಪಿಕ್’ ಮತ್ತೆ ಹೊರಬಂದಾಗ, ಅದರಲ್ಲಿ ಅತಿವಾಸ್ತವವಾದದ ಕುರಿತು ಬರೆದ ಸೂಜನ್ ಸೆಸೇರ್ ಆ ಪಟ್ಟಿಗೆ ಬ್ರೆಟನ್ ಸೇರಿಸದೆ ಬಿಟ್ಟಿದ್ದ ವಿರೋಧಗಳನ್ನು ಹೆಸರಿಸಿದಳು: ಬಿಳಿಯ ಮತ್ತು ಕರಿಯ, ಯುರೋಪಿಯನ್ ಮತ್ತು ಆಫ್ರಿಕನ್, ನಾಗರಿಕ ಮತ್ತು ಅನಾಗರಿಕ. ಈ ಹೀನ ವಿರೋಧಗಳನ್ನು ಕೊನೆಗೂ ದಾಟುವ ಕೆಲಸ ತಮ್ಮದು, ಅದಕ್ಕೆ ತಮ್ಮ ಅತಿವಾಸ್ತವವಾದವೇ ಬಲ ಎಂದು ಅವಳು ಬರೆದಳು.